ಕಡಲಿನ ಮೀನು ಬಾಗೂರಿನ ಮನೆಗೆ ಬಂದಾಗ: ಮೊದಲ ವಾರವೇ ಏಕೆ ಕಂಟಕ?

ಅಕ್ವೇರಿಯಂನಲ್ಲಿ ಮೀನು ಸತ್ತರೆ ನಮ್ಮ ಕಡೆ ಒಂದು ಮಾತು ಹೇಳುವುದುಂಟು: ‘ಮನೆಗೆ ಬರಬೇಕಿದ್ದ ಕೆಟ್ಟದ್ದನ್ನು ಮೀನು ತನ್ನ ಮೇಲೆ ಹಾಕಿಕೊಂಡು ಹೋಯಿತು.’ ವಾಸ್ತುವಿನ ಹೆಸರಿನಲ್ಲಿ ಮೀನು ಸಾಕುವವರಲ್ಲಂತೂ ಈ ನಂಬಿಕೆ ಗಟ್ಟಿಯಾಗಿಯೇ ಇದೆ. ಕೇಳಲು ಸಮಾಧಾನ ಕೊಡುವ ಮಾತು, ನಿಜ. ಆದರೆ ಇದರಿಂದ ಒಂದು ನಷ್ಟವಿದೆ. ಮೀನು ಸತ್ತದ್ದು ಏಕೆ ಎಂದು ಯಾರೂ ನೀರನ್ನು ಪರೀಕ್ಷಿಸುವುದಿಲ್ಲ. ಮುಂದಿನ ವಾರ ಅದೇ ನೀರಿಗೆ ಇನ್ನೆರಡು ಮೀನು ಬರುತ್ತವೆ, ಅವೂ ಸಾಯುತ್ತವೆ.

ನಮ್ಮ ತಂಡದ ಒಬ್ಬರ ಚಿಕ್ಕಪ್ಪ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಲ್ಲಿದ್ದಾರೆ. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗದಿಂದಾಗಿ ಹೆಸರಾದ ಊರು ಅದು. ತೆಂಗಿನ ತೋಟ, ಕೆರೆ, ಕಾಲುವೆ ಎಲ್ಲ ಇವೆ, ಇಲ್ಲದ್ದೆಂದರೆ ಕಡಲು. ಅತ್ತ ಮಂಗಳೂರಿಗೆ ಹೋಗಬೇಕೆಂದರೆ ಘಟ್ಟ ಇಳಿಯಬೇಕು. ಚಿಕ್ಕಪ್ಪ ಮೊದಲಿನಿಂದ ಗೋಲ್ಡ್‌ಫಿಶ್, ಗಪ್ಪಿ ಸಾಕಿ ಪಳಗಿದವರು. ಮಗಳು ‘ಫೈಂಡಿಂಗ್ ನೀಮೋ’ ಸಿನಿಮಾ ನೋಡಿ ಆಸೆಪಟ್ಟಳೆಂದು 100 ಲೀಟರಿನ ಟ್ಯಾಂಕ್ ಇಟ್ಟು, ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿ, 20 ದಿನ ಫಿಲ್ಟರ್ ಓಡಿಸಿ, ಬೆಂಗಳೂರಿನ ಅಂಗಡಿಯೊಂದರಿಂದ ಎರಡು ಕ್ಲೌನ್‌ಫಿಶ್ ಮತ್ತು ಒಂದು ನೀಲಿ ಡ್ಯಾಮ್ಸೆಲ್ ತಂದರು. ಬಸ್ಸಿನಲ್ಲಿ ಬಂದು ಮನೆ ಮುಟ್ಟುವಷ್ಟರಲ್ಲಿ ಐದು ಗಂಟೆ. ಅಂಗಡಿಯವರು ಹೇಳಿದಂತೆ ಕವರನ್ನು ಸ್ವಲ್ಪ ಹೊತ್ತು ತೇಲಿಸಿ ಮೀನು ಬಿಟ್ಟರು. ಮೂರನೆಯ ದಿನಕ್ಕೆ ಕ್ಲೌನ್‌ಫಿಶ್ ಎರಡೂ ಇಲ್ಲ. ‘ಹೋಗ್ಲಿ ಬಿಡೋ, ಏನೋ ಕಂಟಕ ಇತ್ತು, ಅದರ ಮೇಲೆ ಹೋಯ್ತು’ ಎಂದರು ಅಜ್ಜಿ.

ಕಂಟಕ ಇದ್ದದ್ದು ನಿಜ. ಅದು ಟ್ಯಾಂಕಿನ ಒಳಗೇ ಇತ್ತು. ಒಂದಲ್ಲ, ಎರಡು ಮೂರು. ಅವನ್ನು ಒಂದೊಂದಾಗಿ ನೋಡೋಣ.

ಉಪ್ಪುನೀರಿನ ಮೀನು ಬಾಯಾರಿ ನೀರು ಕುಡಿಯುತ್ತದೆ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಬದುಕುವ ಮೀನಿನ ರಕ್ತದಲ್ಲಿರುವ ಲವಣ ಅದರ ಮೂರನೇ ಒಂದು ಭಾಗದಷ್ಟು ಮಾತ್ರ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರಲ್ಲಿ ಹೋಳು ನೀರು ಬಿಟ್ಟು ಮುದುಡಿರುತ್ತದಲ್ಲ, ಕಡಲಿನಲ್ಲಿರುವ ಮೀನಿನ ಪಾಡೂ ಹೆಚ್ಚುಕಡಿಮೆ ಅದೇ. ಅದರ ಮೈಯಿಂದ, ಮುಖ್ಯವಾಗಿ ಕಿವಿರಿನಿಂದ, ನೀರು ಸದಾ ಹೊರಕ್ಕೆ ಜಿನುಗುತ್ತಿರುತ್ತದೆ. ಸುತ್ತ ನೀರೇ ಇದ್ದರೂ ಮೀನು ಒಣಗುವ ಭಯದಲ್ಲಿರುತ್ತದೆ.

ಇದಕ್ಕೆ ಅದು ಕಂಡುಕೊಂಡಿರುವ ದಾರಿ ಸಮುದ್ರದ ನೀರನ್ನೇ ಕುಡಿಯುವುದು. ಕುಡಿದ ನೀರಿನೊಂದಿಗೆ ಒಳಬಂದ ಹೆಚ್ಚುವರಿ ಸೋಡಿಯಂ, ಕ್ಲೋರೈಡ್‌ಗಳನ್ನು ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು ಹೊರಗೆ ತಳ್ಳುತ್ತವೆ. ಮೂತ್ರ ಬಹಳ ಕಡಿಮೆ. ಮೀನು ಸಮುದ್ರದ ನೀರು ಕುಡಿಯುತ್ತದೆ ಎಂಬುದನ್ನು ಅಮೆರಿಕದ ಹೋಮರ್ ಸ್ಮಿತ್ 1930ರಲ್ಲಿ ತೋರಿಸಿಕೊಟ್ಟರು. ಕಿವಿರಿನ ಆ ಜೀವಕೋಶಗಳನ್ನು ಆನ್ಸೆಲ್ ಕೀಸ್ ಮತ್ತು ವಿಲ್ಮರ್ 1932ರಲ್ಲಿ ವಿವರಿಸಿದರು. (ಕೊಬ್ಬಿನ ಆಹಾರಕ್ಕೂ ಹೃದಯದ ಕಾಯಿಲೆಗೂ ಇರುವ ನಂಟಿನ ಬಗ್ಗೆ ಮುಂದೆ ಹೆಸರು ಮಾಡಿದ ಕೀಸ್ ಇವರೇ.)

ನಮ್ಮ ಕೆರೆಯ ಮೀನಿನ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಅದರ ಮೈಯೊಳಗಿನ ಲವಣ ಹೊರಗಿನ ನೀರಿಗಿಂತ ಹೆಚ್ಚು. ಹಾಗಾಗಿ ನೆನೆಸಿಟ್ಟ ಒಣದ್ರಾಕ್ಷಿಯಂತೆ ನೀರು ಒಳಕ್ಕೆ ನುಗ್ಗುತ್ತದೆ. ಅದು ನೀರನ್ನು ಕುಡಿಯುವುದಿಲ್ಲವೆಂದೇ ಹೇಳಬಹುದು. ತೆಳುವಾದ ಮೂತ್ರವನ್ನು ಧಾರಾಳವಾಗಿ ಹೊರಹಾಕುತ್ತಲೇ ಇರುತ್ತದೆ. ‘ಗೋಲ್ಡ್‌ಫಿಶ್ ಸಾಕಿದ್ದೇನೆ, ಇದಕ್ಕೆ ಉಪ್ಪು ಹಾಕಿದರೆ ಆಯಿತು’ ಎನ್ನುವ ಲೆಕ್ಕಾಚಾರ ತಪ್ಪುವುದು ಇಲ್ಲಿಯೇ.

ಮೀನಿನ ದೇಹ ಲವಣಾಂಶದ ಬದಲಾವಣೆಗೆ ಹೊಂದಿಕೊಳ್ಳುವುದೇ ಇಲ್ಲ ಎಂದೇನಲ್ಲ. ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಕಿವಿರಿನ ಜೀವಕೋಶಗಳು ಕೆಲಸದ ವೇಗ ಬದಲಿಸಬೇಕು, ಹೊಸವು ಹುಟ್ಟಬೇಕು. ಅದರಲ್ಲೂ ಒಂದು ವ್ಯತ್ಯಾಸವಿದೆ. ಕಡಲಿನ ಮೀನುಗಳು ಲವಣ ಕಡಿಮೆಯಾಗುವುದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ, ಏಕೆಂದರೆ ಹೊರಗಿನ ನೀರು ತಮ್ಮ ರಕ್ತದ ಮಟ್ಟಕ್ಕೆ ಹತ್ತಿರವಾಗುತ್ತದೆ, ಶ್ರಮ ಇಳಿಯುತ್ತದೆ. ಲವಣ ಏಕಾಏಕಿ ಹೆಚ್ಚಾದರೆ ಮಾತ್ರ ಮೈಯ ನೀರು ಬತ್ತುತ್ತದೆ. ಆ ಪೆಟ್ಟು ಬಿಟ್ಟ ಕ್ಷಣದಲ್ಲಿ ಕಾಣುವುದಿಲ್ಲ. ಮೀನು ಮೊದಲ ದಿನ ಚೆನ್ನಾಗಿಯೇ ಈಜಾಡಿ, ಎರಡನೆಯ, ಮೂರನೆಯ ದಿನಕ್ಕೆ ಬೀಳುವುದು ಇದೇ ಕಾರಣಕ್ಕೆ.

ಬಾಗೂರಿನ ಟ್ಯಾಂಕಿನಲ್ಲಿ ಆದದ್ದು ಹೀಗೆ. ಅದು ಮಾರ್ಚ್ ತಿಂಗಳು. ಒಣಗಾಳಿಗೆ ತೆರೆದ ಟ್ಯಾಂಕಿನಿಂದ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗುತ್ತಿತ್ತು. ‘ಸಮುದ್ರದ ಮೀನಿಗೆ ಉಪ್ಪುನೀರೇ ಹಾಕಬೇಕಲ್ಲವೇ’ ಎಂದು ಚಿಕ್ಕಪ್ಪ ದಿನವೂ ಉಪ್ಪು ಬೆರೆಸಿದ ನೀರನ್ನೇ ತುಂಬುತ್ತಿದ್ದರು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಅರ್ಧ ಲೀಟರಿಗೆ 17.5 ಗ್ರಾಂ ಎಂದರೆ 20 ದಿನಕ್ಕೆ 350 ಗ್ರಾಂ ಹೆಚ್ಚುವರಿ ಉಪ್ಪು ಟ್ಯಾಂಕಿಗೆ ಸೇರಿತು. ಲೀಟರಿಗೆ 35 ಗ್ರಾಂ ಇದ್ದದ್ದು 38.5 ಆಯಿತು. ಅತ್ತ ಅಂಗಡಿಯ ಕವರಿನಲ್ಲಿ ಉಳಿದಿದ್ದ ನೀರನ್ನು ಅಳೆದರೆ ಸಾಪೇಕ್ಷ ಸಾಂದ್ರತೆ 1.019, ಅಂದರೆ ಲೀಟರಿಗೆ ಸುಮಾರು 26 ಗ್ರಾಂ. ಅಂಗಡಿಗಳಲ್ಲಿ ಹೀಗೆ ಕಡಿಮೆ ಲವಣದಲ್ಲಿ ಮೀನು ಇಡುವುದು ಅಪರೂಪವಲ್ಲ. ಉಪ್ಪಿನ ಖರ್ಚು ಉಳಿಯುತ್ತದೆ, ಕೆಲವು ಪರಾವಲಂಬಿಗಳ ಕಾಟವೂ ತಗ್ಗುತ್ತದೆ. ಒಟ್ಟಿನಲ್ಲಿ, 26ರಲ್ಲಿದ್ದ ಮೀನು ಅರ್ಧ ಗಂಟೆಯೊಳಗೆ 38.5ಕ್ಕೆ ಬಂದು ಬಿತ್ತು. ಕವರನ್ನು ತೇಲಿಸಿದ್ದರಿಂದ ಉಷ್ಣತೆ ಸಮವಾಯಿತೇ ಹೊರತು ಲವಣ ಸಮವಾಗಲಿಲ್ಲ. ಪ್ಲಾಸ್ಟಿಕ್ ಕವರಿನ ಮೂಲಕ ಉಪ್ಪು ದಾಟುವುದಿಲ್ಲವಲ್ಲ!

ಆವಿಯಾದ ನೀರಿನ ಜಾಗಕ್ಕೆ ಸಿಹಿನೀರನ್ನೇ ತುಂಬಬೇಕು. ಟ್ಯಾಂಕಿನ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡರೆ ಸಾಕು. ಉಪ್ಪುನೀರು ಬೇಕಾಗುವುದು ಹಳೆಯ ನೀರನ್ನು ಹೊರತೆಗೆದು ಹೊಸದನ್ನು ಹಾಕುವಾಗ ಮಾತ್ರ.

ಯಾವ ನೀರು, ಯಾವ ಉಪ್ಪು?

ಅಡುಗೆ ಉಪ್ಪು ಅಥವಾ ಕಲ್ಲುಪ್ಪು ಕರಗಿಸಿದರೆ ಕಡಲಿನ ನೀರಾಗುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸಮುದ್ರದ ಲವಣದಲ್ಲಿ ಸೋಡಿಯಂ, ಕ್ಲೋರೈಡ್‌ಗಳದ್ದೇ ಸಿಂಹಪಾಲು ಎನ್ನುವುದು ಸರಿ. ಆದರೆ ಲೀಟರಿಗೆ ಸುಮಾರು 1,290 ಮಿಲಿಗ್ರಾಂ ಮೆಗ್ನೀಸಿಯಂ, 410 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಸಲ್ಫೇಟ್, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಕೂಡ ಇರುತ್ತವೆ. ನೀರಿನ ಪಿ.ಎಚ್. ಮಟ್ಟವನ್ನು 8.1ರ ಆಸುಪಾಸಿನಲ್ಲಿ ಹಿಡಿದಿಡುವಲ್ಲಿ ಬೈಕಾರ್ಬೊನೇಟಿನ ಪಾತ್ರ ದೊಡ್ಡದು. ಇವು ಅಡುಗೆ ಉಪ್ಪಿನಲ್ಲಿ ಸಿಗುವುದಿಲ್ಲ. ಅಕ್ವೇರಿಯಂಗೆಂದೇ ತಯಾರಾದ ಮಿಶ್ರಣವೇ ಬೇಕು.

ಕೊಳವೆಬಾವಿಯ ನೀರು ಬಳಸಬಹುದೇ? ಬಯಲುಸೀಮೆಯ ಬೋರ್ ನೀರು ಹೆಚ್ಚಾಗಿ ಗಡಸು. ಅದರಲ್ಲಿ ಈಗಾಗಲೇ ಕರಗಿರುವ ಲವಣ, ನೈಟ್ರೇಟ್‌ಗಳು ಎಷ್ಟು ಎಂಬುದು ಬಾವಿಯಿಂದ ಬಾವಿಗೆ ಬೇರೆ. ಅದರ ಮೇಲೆ ಸಮುದ್ರದ ಮಿಶ್ರಣ ಹಾಕಿದರೆ ಲೆಕ್ಕ ಕೈ ತಪ್ಪುತ್ತದೆ. ಇಲ್ಲಿ ಹಳ್ಳಿಗಳಿಗೆ ಒಂದು ಅನುಕೂಲವಿದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ಆರ್.ಒ. ನೀರು. ಅಕ್ವೇರಿಯಂ ಹವ್ಯಾಸಿಗಳು ನಗರದಲ್ಲಿ ಯಂತ್ರ ಕೊಂಡು ತಯಾರಿಸಿಕೊಳ್ಳುವುದೂ ಹೆಚ್ಚುಕಡಿಮೆ ಅದನ್ನೇ. ಘಟಕದ ಪೊರೆ ಹಳೆಯದಾಗಿದ್ದರೆ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ಹಾಗಾಗಿ ಪೆನ್ನಿನಂತಹ ಚಿಕ್ಕ ಟಿ.ಡಿ.ಎಸ್. ಮೀಟರ್ ಅದ್ದಿ ನೋಡಿ ತರುವುದು ಒಳ್ಳೆಯದು. ಸೊನ್ನೆಗೆ ಹತ್ತಿರವಾದಷ್ಟೂ ಉತ್ತಮ.

ಖಾಲಿ ಟ್ಯಾಂಕ್ ಓಡಿಸಿದರೆ ಅದು ಮಾಗುವುದಿಲ್ಲ

ಎರಡನೆಯ ಕಂಟಕ ಅಮೋನಿಯಾ. ಮೀನು ತಿಂದ ಪ್ರೋಟೀನಿನ ತ್ಯಾಜ್ಯ ಮುಖ್ಯವಾಗಿ ಕಿವಿರಿನ ಮೂಲಕ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಕಡಲಿನಲ್ಲಾದರೆ ಅದು ಲೆಕ್ಕಕ್ಕೇ ಇಲ್ಲ. 100 ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಅದು ಮೀನಿನ ಕಿವಿರನ್ನೇ ಸುಡುವ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ನೀರು ಬದಲಿಸುತ್ತ ಅದನ್ನು ಕಡಿಮೆ ಇಡಬಹುದು. ಹೊಲದ ಮಣ್ಣಿನಲ್ಲಿ ಸಗಣಿ ಗೊಬ್ಬರದ ಸಾರಜನಕ ಬೆಳೆಗೆ ಒದಗುವುದೂ ಇದೇ ಬಗೆಯ ಬ್ಯಾಕ್ಟೀರಿಯಾಗಳಿಂದ.

ಚಿಕ್ಕಪ್ಪ 20 ದಿನ ಫಿಲ್ಟರ್ ಓಡಿಸಿದ್ದರಲ್ಲ, ಅಷ್ಟರಲ್ಲಿ ಈ ಬ್ಯಾಕ್ಟೀರಿಯಾ ಬೆಳೆದಿರಬೇಕಿತ್ತಲ್ಲವೇ? ಇಲ್ಲ. ಅವುಗಳ ಆಹಾರವೇ ಅಮೋನಿಯಾ. ಟ್ಯಾಂಕಿನಲ್ಲಿ ಅಮೋನಿಯಾದ ಮೂಲವೇ ಇರಲಿಲ್ಲ. 20 ದಿನ ಶುದ್ಧ ಉಪ್ಪುನೀರು ಸುತ್ತಿತು, ಅಷ್ಟೇ. ಕರೆಂಟ್ ಬಿಲ್ ಬಂತು.

ಸರಿಯಾದ ಕ್ರಮವೆಂದರೆ ಮೀನು ಬರುವ ಮೊದಲೇ ಟ್ಯಾಂಕಿಗೆ ಅಮೋನಿಯಾ ಒದಗಿಸುವುದು. ಅಕ್ವೇರಿಯಂಗೆಂದು ಸಿಗುವ ಅಮೋನಿಯಂ ಕ್ಲೋರೈಡ್ ದ್ರಾವಣದ ಕೆಲವು ಹನಿ, ಅದಿಲ್ಲದಿದ್ದರೆ ಒಂದು ಚಿಟಿಕೆ ಮೀನಿನ ಆಹಾರ ಅಥವಾ ಒಂದು ತುಂಡು ಹಸಿ ಸಿಗಡಿ ಹಾಕಿ ಕೊಳೆಯಲು ಬಿಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಅದೂ ಇಳಿದು ಕೊನೆಗೆ ನೈಟ್ರೇಟ್ ಮಾತ್ರ ಕಾಣುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಮಾಗಿದ ಬೇರೆ ಟ್ಯಾಂಕಿನಿಂದ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನೋ ಹಿಡಿ ಮರಳನ್ನೋ ತಂದು ಹಾಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ, ಬೇಗ ಆಗುತ್ತದೆ. ಆ ಟ್ಯಾಂಕಿನಲ್ಲಿ ರೋಗವಿಲ್ಲ ಎಂಬುದು ಖಾತ್ರಿಯಾಗಿರಬೇಕು.

‘ಮೊದಲು ಗಟ್ಟಿ ಜಾತಿಯ ಡ್ಯಾಮ್ಸೆಲ್ ಬಿಡಿ, ಅದು ಬದುಕಿದರೆ ಟ್ಯಾಂಕ್ ಸರಿಯಾಗಿದೆ ಎಂದರ್ಥ’ ಎಂಬ ಸಲಹೆ ಅಂಗಡಿಗಳಲ್ಲಿ ಈಗಲೂ ಕೇಳಿಬರುತ್ತದೆ. ನಮಗೆ ಇದು ಒಪ್ಪಿಗೆಯಾಗುವುದಿಲ್ಲ. ಡ್ಯಾಮ್ಸೆಲ್ ತಾಳಿಕೊಳ್ಳುತ್ತದೆ ಎಂದರೆ ಅದಕ್ಕೆ ಕಿವಿರು ಉರಿಯುವುದಿಲ್ಲ ಎಂದಲ್ಲ. ಒಂದು ತುಂಡು ಸಿಗಡಿ ಮಾಡುವ ಕೆಲಸಕ್ಕೆ ಜೀವವೊಂದನ್ನು ಒಡ್ಡಬೇಕಾಗಿಲ್ಲ. ಬಾಗೂರಿನ ಟ್ಯಾಂಕಿನಲ್ಲಿ ಉಳಿದದ್ದು ಡ್ಯಾಮ್ಸೆಲ್ ಒಂದೇ, ಅದರಿಂದ ಮುಂದೆ ಇನ್ನೊಂದು ತೊಂದರೆ ಶುರುವಾಯಿತು. ಅದಕ್ಕೆ ಆಮೇಲೆ ಬರುತ್ತೇವೆ.

ಕವರು ಬಿಚ್ಚಿದ ಮೇಲೆ ಗಡಿಯಾರ ಓಡುತ್ತದೆ

ಹೊಸ ಮೀನನ್ನು ಹೊಂದಿಸಲು ಹೇಳುವ ಜನಪ್ರಿಯ ವಿಧಾನ ಹನಿಹನಿಯಾಗಿ ನೀರು ಸೇರಿಸುವುದು. ಮೀನನ್ನು ಕವರಿನ ನೀರಿನ ಸಮೇತ ಬಕೆಟಿಗೆ ಹಾಕಿ, ಟ್ಯಾಂಕಿನಿಂದ ಸಣ್ಣ ಪೈಪಿನ ಮೂಲಕ ಸೆಕೆಂಡಿಗೆ ಎರಡು ಮೂರು ಹನಿಯಂತೆ ಬಿಡುತ್ತ ಗಂಟೆಗಟ್ಟಲೆ ಕಾಯುವುದು. ‘ನಿಧಾನವಾದಷ್ಟೂ ಒಳ್ಳೆಯದು’ ಎಂಬ ಮಾತು ಇದರ ಜೊತೆಗೇ ಬಂದುಬಿಟ್ಟಿದೆ. ಅಂಗಡಿ ಪಕ್ಕದ ಬೀದಿಯಲ್ಲಿದ್ದರೆ ಇದರಿಂದ ತೊಂದರೆಯಿಲ್ಲ. ಐದಾರು ಗಂಟೆ ಕವರಿನಲ್ಲಿ ಬಂದ ಮೀನಿಗೆ ಮಾತ್ರ ಈ ನಿಧಾನವೇ ಅಪಾಯ. ಹೇಗೆಂದು ನೋಡಿ.

ಕಟ್ಟಿದ ಕವರಿನಲ್ಲಿ ಮೀನು ಉಸಿರಾಡುತ್ತ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ನೀರಿನಲ್ಲಿ ಕರಗಿ ಪಿ.ಎಚ್. ಇಳಿಯುತ್ತದೆ. ಜೊತೆಗೆ ಅಮೋನಿಯಾ ಕೂಡ ಸೇರುತ್ತಿರುತ್ತದೆ. ಪಿ.ಎಚ್. ಕಡಿಮೆ ಇರುವಾಗ ಅಮೋನಿಯಾದ ಬಹುಪಾಲು ಅಮೋನಿಯಂ ಎಂಬ, ಅಷ್ಟಾಗಿ ಕೆಡುಕು ಮಾಡದ ರೂಪದಲ್ಲಿರುತ್ತದೆ. ಮನೆಗೆ ಬಂದು ಕವರು ಬಿಚ್ಚಿದಿರಿ, ನೀರನ್ನು ಬಕೆಟಿಗೆ ಸುರಿದಿರಿ, ಏರ್ ಪಂಪ್ ಹಾಕಿದಿರಿ. ಇಂಗಾಲದ ಡೈಆಕ್ಸೈಡ್ ಹಾರಿಹೋಯಿತು, ಪಿ.ಎಚ್. ಏರಿತು. ಪಿ.ಎಚ್. 7ರಿಂದ 8.2ಕ್ಕೆ ಏರಿದರೆ ಅಮೋನಿಯಾದ ವಿಷರೂಪದ ಪಾಲು ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಒಂದು ಹನಿ ಅಮೋನಿಯಾ ಹೊಸದಾಗಿ ಸೇರದಿದ್ದರೂ, ಇದ್ದದ್ದೇ ವಿಷವಾಗುತ್ತದೆ. ಇಂಥ ನೀರಿನಲ್ಲಿ ಮೀನನ್ನು ಎರಡು ಗಂಟೆ ಕೂರಿಸಿ ನಾವು ‘ಹೊಂದಿಸುತ್ತಿದ್ದೇವೆ’ ಎಂದುಕೊಳ್ಳುತ್ತೇವೆ.

ದೂರದಿಂದ ತರುವವರು ಕೆಲಸದ ಕ್ರಮವನ್ನೇ ತಿರುವುಮುರುವು ಮಾಡಿಕೊಳ್ಳಬೇಕು. ಮೀನನ್ನು ಟ್ಯಾಂಕಿಗೆ ಹೊಂದಿಸುವ ಬದಲು ನೀರನ್ನು ಮೀನಿಗೆ ಹೊಂದಿಸಿ. ಕೊಳ್ಳುವ ಮೊದಲೇ ಅಂಗಡಿಯ ನೀರಿನ ಲವಣಾಂಶ ಎಷ್ಟು ಎಂದು ಕೇಳಿ, ಸಾಧ್ಯವಾದರೆ ನೀವೇ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿ ನೋಡಿ. ಮನೆಯಲ್ಲಿ ಬೇರೆಯದೇ ಒಂದು ಸಣ್ಣ ಟ್ಯಾಂಕನ್ನು ಅದೇ ಲವಣಾಂಶಕ್ಕೆ ಸಿದ್ಧಮಾಡಿಟ್ಟಿರಿ. ಮನೆಗೆ ಬಂದ ಮೇಲೆ ಕಟ್ಟಿದ ಕವರನ್ನು ಬಿಚ್ಚದೆ 15–20 ನಿಮಿಷ ತೇಲಿಸಿ ಉಷ್ಣತೆ ಸಮಮಾಡಿ, ಆಮೇಲೆ ಬಿಚ್ಚಿ, ಮೀನನ್ನು ಕೂಡಲೇ ಆ ನೀರಿಗೆ ಬಿಡಿ. ಕವರಿನ ನೀರು ಚರಂಡಿಗೆ ಹೋಗಲಿ, ಟ್ಯಾಂಕಿಗೆ ಬೇಡ. ಅಲ್ಲಿಂದ ಮುಂದೆ ಸಾಪೇಕ್ಷ ಸಾಂದ್ರತೆಯನ್ನು ದಿನಕ್ಕೆ 0.001ರಂತೆ ಏರಿಸುತ್ತ ಹೋದರೆ 1.019ರಿಂದ 1.025ಕ್ಕೆ ಒಂದು ವಾರದಲ್ಲಿ ಬರಬಹುದು.

ಅಳೆಯುವ ಸಾಧನದ ಬಗ್ಗೆ ಒಂದು ಮಾತು. ಮುಳ್ಳು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಚಿಕ್ಕಪ್ಪನ ಹೈಡ್ರೋಮೀಟರ್ 1.025 ತೋರಿಸುತ್ತಿದ್ದ ನೀರನ್ನು ರಿಫ್ರಾಕ್ಟೋಮೀಟರ್ 1.029 ಎಂದಿತು. ರಿಫ್ರಾಕ್ಟೋಮೀಟರನ್ನೂ ಆಗಾಗ ಪ್ರಮಾಣಿತ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳುತ್ತಿರಬೇಕು.

ಬೇರೆ ಟ್ಯಾಂಕಿನಲ್ಲಿ ಒಂದು ತಿಂಗಳು

ಮೇಲೆ ಹೇಳಿದ ಸಣ್ಣ ಟ್ಯಾಂಕನ್ನು ಹವ್ಯಾಸಿಗಳು ಕ್ವಾರಂಟೈನ್ ಟ್ಯಾಂಕ್ ಎನ್ನುತ್ತಾರೆ. ಈ ಪದವನ್ನು 2020ರ ನಂತರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮರಳು, ಕಲ್ಲು ಯಾವುದೂ ಬೇಡ. ಅಡಗಲು ಒಂದೆರಡು ಪಿ.ವಿ.ಸಿ. ಪೈಪಿನ ತುಂಡು, ಹೀಟರ್, ಮಾಗಿದ ಸ್ಪಂಜ್ ಫಿಲ್ಟರ್ ಇದ್ದರೆ ಆಯಿತು.

ಇದು ಏಕೆ ಬೇಕು ಎಂಬುದಕ್ಕೆ ಮುಖ್ಯ ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಪರಾವಲಂಬಿ. ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಸಿಹಿನೀರಿನ ಮೀನುಗಳಲ್ಲೂ ಇಂಥದ್ದೇ ಚುಕ್ಕೆ ಬರುವುದನ್ನು ನೀವು ನೋಡಿರಬಹುದು. ಆದರೆ ಅಲ್ಲಿನ ಜೀವಿಯೇ ಬೇರೆ. ಅದಕ್ಕೆ ಉಪ್ಪು ಹಾಕಿದರೆ ತಗ್ಗುತ್ತದೆ. ಕಡಲಿನಲ್ಲೇ ಹುಟ್ಟಿ ಬೆಳೆದ ಈ ಜೀವಿಗೆ ಉಪ್ಪಿನಿಂದ ಏನಾಗಬೇಕು?

ಇದಕ್ಕೆ ಟ್ಯಾಂಕಿಗೆ ಅರಿಶಿನ, ಬೆಳ್ಳುಳ್ಳಿ ರಸ ಹಾಕಿ ‘ಮೂರು ದಿನದಲ್ಲಿ ಚುಕ್ಕೆ ಹೋಯಿತು’ ಎನ್ನುವವರಿದ್ದಾರೆ. ಚುಕ್ಕೆ ಹೋದದ್ದು ಸುಳ್ಳಲ್ಲ, ಔಷಧಿಯಿಂದ ಹೋಯಿತು ಎನ್ನುವುದು ತಪ್ಪು. ಈ ಜೀವಿ ಮೀನಿನ ಮೈಯಲ್ಲಿ ಮೂರರಿಂದ ಏಳು ದಿನ ಇದ್ದು, ತಾನಾಗಿಯೇ ಕಳಚಿ ಬಿದ್ದು, ತಳದಲ್ಲಿ ಗೂಡು ಕಟ್ಟಿಕೊಂಡು, ಒಳಗೊಳಗೇ ನೂರಾರಾಗಿ ಒಡೆಯುತ್ತದೆ. ಕೆಲವು ದಿನಗಳಿಂದ ಕೆಲವು ವಾರಗಳ ನಂತರ ಮರಿಗಳು ಹೊರಬಂದು ಮತ್ತೆ ಮೀನನ್ನು ಹುಡುಕುತ್ತವೆ. ಅಂದರೆ ಚುಕ್ಕೆ ಮಾಯವಾಗುವುದು ರೋಗದ ಕೊನೆಯಲ್ಲ, ಅದರ ಮುಂದಿನ ಸುತ್ತಿನ ಸಿದ್ಧತೆ. ಎರಡನೆಯ ಸುತ್ತಿನಲ್ಲಿ ಸಂಖ್ಯೆ ಹಲವು ಪಟ್ಟು. ಅರಿಶಿನದ ಕೀರ್ತಿ ಉಳಿಯುತ್ತದೆ, ಮೀನು ಉಳಿಯುವುದಿಲ್ಲ.

ಗೂಡು ಕಟ್ಟಿದ ಹಂತದಲ್ಲಿ ಇದಕ್ಕೆ ಔಷಧಿ ನಾಟುವುದಿಲ್ಲ. ತಾಮ್ರದ ಔಷಧಿ ಕೆಲಸ ಮಾಡುವುದು ಈಜಾಡುವ ಮರಿಗಳ ಮೇಲೆ. ಮುಖ್ಯ ಟ್ಯಾಂಕಿನಲ್ಲಿ ತಾಮ್ರ ಹಾಕುವಂತಿಲ್ಲ. ಸಿಗಡಿ, ಬಸವನಹುಳು, ಆನಿಮೋನ್‌ಗಳಿಗೆ ಅದು ವಿಷ, ಕಲ್ಲು ಮರಳುಗಳು ಅದನ್ನು ಹೀರಿಕೊಂಡು ಅಳತೆ ಕೆಡಿಸುತ್ತವೆ. ಆದ್ದರಿಂದಲೇ ಬೇರೆ ಟ್ಯಾಂಕು, ಅದರಲ್ಲೂ ಸುಮಾರು 30 ದಿನ. ಮುಖ್ಯ ಟ್ಯಾಂಕಿಗೆ ಈ ರೋಗ ಒಮ್ಮೆ ಹೊಕ್ಕರೆ ಮೀನುಗಳನ್ನೆಲ್ಲ ಹೊರತೆಗೆದು ಎರಡು ತಿಂಗಳಿಗೂ ಹೆಚ್ಚು ಕಾಲ ಖಾಲಿ ಬಿಡಬೇಕಾಗುತ್ತದೆ. ಒಂದು ತಿಂಗಳ ತಾಳ್ಮೆ ಅದಕ್ಕಿಂತ ಸುಲಭ.

ವೆಲ್ವೆಟ್ ಎಂದು ಕರೆಯುವ ಅಮೈಲೂಡಿನಿಯಂ ಇನ್ನೂ ವೇಗದ್ದು. ಮೈಮೇಲೆ ಸಣ್ಣ ಧೂಳು ಕೂತಂತೆ ಕಾಣುವ ಹೊತ್ತಿಗೆ ಕಿವಿರು ಹಾಳಾಗಿರುತ್ತದೆ. ಮೀನು ಪಂಪಿನ ನೀರಿನ ಧಾರೆಯ ಮುಂದೆಯೇ ನಿಂತು ಏದುಸಿರು ಬಿಡುತ್ತಿದ್ದರೆ ಕಾಯುತ್ತ ಕೂರಬಾರದು.

ಎತ್ತರದ ಊರು, ಹೋಗುವ ಕರೆಂಟು

25 ಡಿಗ್ರಿ ಉಷ್ಣತೆಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಸಮುದ್ರದ ನೀರು ಹಿಡಿಯುವುದು 6.8ರಷ್ಟು ಮಾತ್ರ. ಅದೂ ಕಡಲ ಮಟ್ಟದಲ್ಲಿ. ಚನ್ನರಾಯಪಟ್ಟಣದ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಕಡಲ ತಡಿಯ ಮೀನಿಗೆ ಇದು ಬೆಟ್ಟ ಹತ್ತಿದ ಹಾಗೆ. ಆರೋಗ್ಯವಂತ ಮೀನಿಗೆ, ನೀರು ಚೆನ್ನಾಗಿ ತಿರುಗುತ್ತಿದ್ದರೆ, ಇದು ಸಮಸ್ಯೆಯಾಗುವುದಿಲ್ಲ. ಪ್ರಯಾಣದಲ್ಲಿ ಬಳಲಿ, ಕಿವಿರು ನೊಂದು ಬಂದ ಮೀನಿಗೆ ಆಗುತ್ತದೆ. ಅಂಥ ಹೊತ್ತಿನಲ್ಲಿ ಕರೆಂಟು ಹೋಗಿ ಪಂಪ್ ನಿಂತರೆ? ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಹಳ್ಳಿಯ ಅಕ್ವೇರಿಯಂನಲ್ಲಿ ಹೀಟರಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಎಂಬುದು ನಮ್ಮ ಅಭಿಪ್ರಾಯ. ಅದೂ ಇಲ್ಲದಿದ್ದರೆ ಚೊಂಬಿನಲ್ಲಿ ನೀರೆತ್ತಿ ಸ್ವಲ್ಪ ಮೇಲಿನಿಂದ ಸುರಿಯುತ್ತಿರಿ. ಕರೆಂಟು ಹೋದಾಗ ಆಹಾರ ಹಾಕಬೇಡಿ.

ಹೀಟರ್ ಬೇಡವೆಂದಲ್ಲ. ಕ್ಲೌನ್‌ಫಿಶ್‌ಗೆ 25–27 ಡಿಗ್ರಿ ಹಿತ. ಇಲ್ಲಿನ ಡಿಸೆಂಬರ್, ಜನವರಿಯ ರಾತ್ರಿಗಳ ಚಳಿಗೆ ನೀರು ಅದಕ್ಕಿಂತ ಬಹಳ ಕೆಳಗಿಳಿಯುತ್ತದೆ. ರಾತ್ರಿ ಹಗಲಿನ ಏರಿಳಿತವೇ ಮೀನಿಗೆ ಹೆಚ್ಚು ತ್ರಾಸ.

ಬೆಳಕು, ಆಹಾರ, ನೆರೆಹೊರೆ

ಬಂದ ದಿನ ದೀಪ ಆರಿಸಿಡಿ. ಮನೆಮಂದಿಯೆಲ್ಲ ಗಾಜಿಗೆ ಮುಖವಿಟ್ಟು ನೋಡುವ ಆಸೆ ಇದ್ದೇ ಇರುತ್ತದೆ, ಮಕ್ಕಳಿಗಂತೂ ಗಾಜು ತಟ್ಟದಿದ್ದರೆ ಸಮಾಧಾನವಿಲ್ಲ. ಆದರೆ ಮೀನಿಗೆ ಆಗ ಬೇಕಾದ್ದು ಕತ್ತಲೆ ಮತ್ತು ಒಂದು ಸಂದು. ಅಡಗಿಕೊಂಡ ಮೀನು ಕಾಯಿಲೆ ಬಿದ್ದಿದೆ ಎಂದಲ್ಲ. ಅಡಗಲು ಜಾಗವಿಲ್ಲದೆ ಮೂಲೆಯಲ್ಲಿ ನಿಂತ ಮೀನಿಗೇ ಹೆಚ್ಚು ಒತ್ತಡ. ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ಎರಡನೆಯ ದಿನ ಚಿಟಿಕೆಯಷ್ಟು ಹಾಕಿ, ಐದು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಿ. ಸತತ ಮೂರು ನಾಲ್ಕು ದಿನ ಬಾಯಿಗಿಡದಿದ್ದರೆ ಕರಗಿಸಿದ ಆರ್ಟೀಮಿಯಾ, ಸಣ್ಣಗೆ ಹೆಚ್ಚಿದ ಸಿಗಡಿಯಂತಹ ವಾಸನೆಯ ಆಹಾರ ಕೊಟ್ಟು ನೋಡಬೇಕು.

ಇದರಲ್ಲಿ ಅರ್ಧ ಗೆಲುವು ಕೊಳ್ಳುವಾಗಲೇ ನಿರ್ಧಾರವಾಗುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿದವರು ಚಿಟ್ಟೆಮೀನುಗಳ ಚೆಲುವಿಗೆ ಮನಸೋತಿರುತ್ತಾರೆ. ಆದರೆ ಚಿಟ್ಟೆಮೀನುಗಳಲ್ಲಿ ಹಲವು ಜಾತಿಗಳು ಹವಳದ ಜೀವಿಗಳನ್ನೇ ತಿಂದು ಬದುಕುವಂಥವು. ಟ್ಯಾಂಕಿನಲ್ಲಿ ಎಷ್ಟೇ ಆಹಾರ ಹಾಕಿದರೂ ಅವು ಹಸಿದೇ ಸಾಯುತ್ತವೆ. ಕೆಲವು ದೇಶಗಳಲ್ಲಿ, ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ, ಬಂಡೆಯ ಸಂದಿನ ಮೀನುಗಳನ್ನು ಸಯನೈಡ್ ಸಿಂಪಡಿಸಿ ಮಂಕುಮಾಡಿ ಹಿಡಿಯುವ ರೂಢಿ ಬೆಳೆಯಿತು. ಅಂಥ ಮೀನನ್ನು ಎಷ್ಟು ಚೆನ್ನಾಗಿ ಹೊಂದಿಸಿದರೂ ವಾರಗಳಲ್ಲಿ ಸಾಯಬಹುದು, ತಪ್ಪು ಸಾಕಿದವರದ್ದಾಗಿರುವುದಿಲ್ಲ. ಕ್ಲೌನ್‌ಫಿಶ್ ವಿಷಯದಲ್ಲಿ ನಾವು ಅದೃಷ್ಟವಂತರು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಕಾರವಾರದಲ್ಲೂ ಇದರ ಕೇಂದ್ರವಿದೆ) ಹಲವು ಜಾತಿಯ ಕ್ಲೌನ್‌ಫಿಶ್‌ಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ತಂತ್ರ ರೂಪಿಸಿ, ಜನರಿಗೂ ಕಲಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮರಿಗೆ ಗಾಜು, ಗುಳಿಗೆ ಆಹಾರ, ಮನುಷ್ಯರ ಓಡಾಟ ಎಲ್ಲ ಮೊದಲೇ ರೂಢಿಯಾಗಿರುತ್ತದೆ. ಕೊಳ್ಳುವಾಗ ‘ಇದು ಸಾಕಿದ್ದೋ, ಹಿಡಿದದ್ದೋ?’ ಎಂದು ಕೇಳಿ, ಕಣ್ಣೆದುರು ಆಹಾರ ತಿನ್ನಿಸಿ ನೋಡಿ. ಅದು ಬದುಕಲು ಆನಿಮೋನ್ ಬೇಕೇಬೇಕು ಎಂಬುದು ಸಿನಿಮಾದಿಂದ ಬಂದ ಕಲ್ಪನೆ. ಕಡಲಿನಲ್ಲಿ ಬೇಟೆಗಾರ ಮೀನುಗಳಿಂದ ಉಳಿಯಲು ಬೇಕು, ಟ್ಯಾಂಕಿನಲ್ಲಿ ಬೇಡ. ಹೊಸ ಟ್ಯಾಂಕಿನಲ್ಲಿ ಆನಿಮೋನ್ ಸಾಕುವುದು ಮೀನಿಗಿಂತ ಕಷ್ಟ. ಕಡಲ್ಗುದುರೆ ಮತ್ತು ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು. ಯಾರಾದರೂ ‘ನಮ್ಮ ಕಡಲಿಂದಲೇ ತಂದದ್ದು’ ಎಂದು ಹವಳ ಕೊಡಲು ಬಂದರೆ ದೂರವಿರಿ.

ಇನ್ನು ನೆರೆಹೊರೆ. ಬಾಗೂರಿನ ಟ್ಯಾಂಕಿನಲ್ಲಿ ಒಂಟಿಯಾಗಿ ಉಳಿದ ಡ್ಯಾಮ್ಸೆಲ್ ಎರಡು ತಿಂಗಳಲ್ಲಿ ಇಡೀ 100 ಲೀಟರನ್ನೂ ತನ್ನ ಜಹಗೀರು ಮಾಡಿಕೊಂಡಿತ್ತು. ಸ್ವಚ್ಛಮಾಡಲು ಹೋದ ಚಿಕ್ಕಪ್ಪನ ಬೆರಳಿಗೇ ಬಂದು ಕುಟ್ಟುತ್ತಿತ್ತು. ಈ ಜಾತಿಯ ಮೀನು ಜಾಗಕ್ಕಾಗಿ ಕಾದಾಡುವಂಥದ್ದು. ಅಲ್ಲಿಗೆ ಬೆರಳುದ್ದದ ಹೊಸ ಮೀನು ಬಿಟ್ಟರೆ ನೀರು ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ, ಅಟ್ಟಿಸಿಯೇ ಕೊಲ್ಲುತ್ತದೆ. ಇದಕ್ಕೆ ಉಪಾಯ ತೂತುಗಳಿರುವ ಪಾರದರ್ಶಕ ಪೆಟ್ಟಿಗೆ. ಹೊಸ ಮೀನನ್ನು ಅದರಲ್ಲಿಟ್ಟು ಮುಖ್ಯ ಟ್ಯಾಂಕಿನೊಳಗೇ ನಾಲ್ಕೈದು ದಿನ ತೂಗುಹಾಕುತ್ತಾರೆ. ಒಬ್ಬರನ್ನೊಬ್ಬರು ನೋಡುತ್ತವೆ, ವಾಸನೆ ತಿಳಿಯುತ್ತವೆ, ಕಚ್ಚಲು ಆಗುವುದಿಲ್ಲ. ಹಳೆಯ ಮೀನು ಪೆಟ್ಟಿಗೆಯನ್ನು ಕುಟ್ಟುವುದು ನಿಲ್ಲಿಸಿದ ಮೇಲೆ, ಒಳಗಿನ ಕಲ್ಲುಗಳ ಜಾಗ ಬದಲಿಸಿ, ಸಂಜೆ ದೀಪ ಆರಿಸಿ ಹೊಸದನ್ನು ಬಿಡಬೇಕು. ಕಲ್ಲು ಬದಲಾದರೆ ಹಳೆಯ ಗಡಿಗಳೂ ಅಳಿಸಿಹೋಗುತ್ತವೆ. ಕ್ಲೌನ್‌ಫಿಶ್ ಜೋಡಿ ತರುವುದಾದರೆ ಒಂದು ದೊಡ್ಡದು, ಒಂದು ಚಿಕ್ಕದು ಇರಲಿ. ಇವು ಎಲ್ಲವೂ ಗಂಡಾಗಿ ಬೆಳೆದು, ಗುಂಪಿನಲ್ಲಿ ಮೇಲುಗೈ ಪಡೆದದ್ದು ಹೆಣ್ಣಾಗುತ್ತದೆ. ಒಂದೇ ಗಾತ್ರದ ಎರಡು ದೊಡ್ಡ ಹೆಣ್ಣುಗಳು ಒಂದೆಡೆ ಬಿದ್ದರೆ ಜಗಳ ತಪ್ಪಿದ್ದಲ್ಲ.

ಚಿಕ್ಕಪ್ಪ ಎರಡನೆಯ ಬಾರಿ ತಂದ ಜೋಡಿ ಸಾಕಿ ಬೆಳೆಸಿದ್ದು. ಈ ಬರಹ ಮುಗಿಸುವ ಹೊತ್ತಿಗೆ ಅವು ಅಡುಗೆಮನೆಯ ಪಕ್ಕದ ಮೂಲೆಯ 40 ಲೀಟರಿನ ಕ್ವಾರಂಟೈನ್ ಟ್ಯಾಂಕಿನಲ್ಲಿ 19ನೆಯ ದಿನ ಕಳೆದಿವೆ. ಅಮೋನಿಯಾ ಸೊನ್ನೆ, ಸಾಪೇಕ್ಷ ಸಾಂದ್ರತೆ 1.025. ಮಗಳು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡುತ್ತಿದ್ದಾಳೆ. ಅಜ್ಜಿ ಬೆಳಗ್ಗೆ ಎದ್ದವರೇ ಅತ್ತ ಇಣುಕಿ, ‘ಎರಡೂ ಅವೆ ಕಣೋ’ ಎನ್ನುತ್ತಾರಂತೆ. ಇನ್ನು 11 ದಿನ ಬಾಕಿ, ಆಮೇಲೆ ಪೆಟ್ಟಿಗೆಯಲ್ಲಿ ನಾಲ್ಕೈದು ದಿನ.